ಮೂರನೇ ಒಲೆಯವಳು

ರೊಟ್ಟಿ ಬಡಿಯುವವಳಿಗೆ ಏನಾದರೂ ಆದರೆ ಮೊದಲು ಗೊತ್ತಾಗುವುದು ಕಿವಿಗೆ, ಆಮೇಲೆ ಕಣ್ಣಿಗೆ. ಬೈಲಹೊಂಗಲದಲ್ಲಿ ನಮ್ಮ ಮನೆಯ ಹಿಂದೆ ಒಂದು ತಗಡಿನ ಶೆಡ್ಡು ಇದೆ. ಅಲ್ಲಿ ಐದು ಒಲೆ ಒಟ್ಟಿಗೆ ಉರಿಯುತ್ತವೆ, ಐದು ಕಲ್ಲಿನ ಮೇಲೆ ಐದು ಜೋಡಿ ಕೈ ಬಡಿಯುತ್ತವೆ. ಒಂದನೇ ಒಲೆ ನನ್ನದು, ಎಲ್ಲರಿಗಿಂತ ಹಿರಿಯಳೆಂದು ನನ್ನನ್ನು ಆಯಿ ಅನ್ನುತ್ತಾರೆ. ಹೋದ ವರ್ಷ, ಮದುವೆಯ ದಿನಗಳು ಇನ್ನೇನು ಶುರುವಾಗಬೇಕು ಅನ್ನುವಾಗ, ಒಂದು ಬೆಳಿಗ್ಗೆ ಮೂರನೇ ಒಲೆಯ ಸಪ್ಪಳ ನಿಂತಿತು. ತಿರುಗಿ ನೋಡಿದರೆ ಅವಳು ಹಿಟ್ಟುಗೈಯನ್ನೇ ಎದೆಗೆ ಒತ್ತಿಕೊಂಡು ಕುಳಿತಿದ್ದಳು. ಮೋರೆ ತುಂಬ ಬೆವರು. ಹಂಚಿನ ಮೇಲಿನ ರೊಟ್ಟಿ ಸುಡುತ್ತಿತ್ತು, ತಿರುವಿ ಹಾಕುವ ಎಚ್ಚರ ಅವಳಿಗೆ ಇರಲಿಲ್ಲ.

"ಆಯಿ, ನಾ ಸಾಯಾಕ ಹತ್ತೇನಿ," ಅಂದಳು.

ಸಾಯುವವರು ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ ಎಂದು ನಾನಂದೆ. ಬಾಯಿ ಹಾಗಂದಿತು, ಕಾಲು ಅಷ್ಟರಲ್ಲಿ ಟಂಟಂನವನನ್ನು ಕರೆಯಲು ಓಡಿತ್ತು. ಐದನೇ ಒಲೆಯವಳ ಗಂಡನೇ ಆ ಮೂರು ಗಾಲಿಯ ಟಂಟಂ ಗಾಡಿ ಓಡಿಸುತ್ತಾನೆ. ಸವದತ್ತಿ, ರಾಮದುರ್ಗದ ಖಾನಾವಳಿಗಳಿಗೆ ಹೋಗುವ ನಮ್ಮ ರೊಟ್ಟಿ ಬುಟ್ಟಿಗಳನ್ನು ಬಸ್ ಸ್ಟ್ಯಾಂಡಿಗೆ ಮುಟ್ಟಿಸುವವನು. ಅವತ್ತು ಬುಟ್ಟಿ ಇಳಿಸಿ ಅವಳನ್ನು ಹತ್ತಿಸಿದೆವು.

ದವಾಖಾನೆಯಲ್ಲಿ ಎದೆಗೆ ವೈರು ಹಚ್ಚಿ ಉದ್ದನೆಯ ಪಟ್ಟಿ ತೆಗೆದರು, ರಕ್ತ ನೋಡಿದರು. ಹೃದಯ ಗಟ್ಟಿ ಇದೆ, ಏನೂ ಆಗಿಲ್ಲ ಅಂದರು. ಅಷ್ಟರಲ್ಲಿ ಅವಳಿಗೂ ಕಡಿಮೆಯಾಗಿ ನಾಚಿಕೆ ಶುರುವಾಗಿತ್ತು. ಮರಳಿ ಬರುವಾಗ ದಾರಿಯುದ್ದಕ್ಕೂ ಸುಟ್ಟ ರೊಟ್ಟಿಯ ಚಿಂತೆ ಮಾಡಿದಳು. ನಾವೂ ಮರೆತೆವು. ಆದರೆ ಅದು ಮತ್ತೆ ಬಂತು. ಸಂತೆಯಲ್ಲಿ ಬಂತು. ತವರೂರು ಹೂಲಿಗೆ ಹೋಗುವಾಗ ಬಸ್ಸಿನಲ್ಲಿ ಬಂತು; ಸವದತ್ತಿಯಲ್ಲಿ ಇಳಿದು ಕಟ್ಟೆಯ ಮೇಲೆ ಕುಳಿತವಳನ್ನು ಗಂಡ ಹೋಗಿ ಕರೆತಂದ. ಅಂದಿನಿಂದ ಬಸ್ಸು ಬಿಟ್ಟಳು. ಆಮೇಲೆ ಸಂತೆ ಬಿಟ್ಟಳು. ಕಡೆಗೆ ಮನೆಯಿಂದ ಶೆಡ್ಡಿಗೆ ಬರಲೂ ಗಂಡ ಬೈಕಿನ ಮೇಲೆ ತಂದು ಬಿಡಬೇಕು, ಅವನು ಹೊರಡುವಾಗ ಇವಳ ಕಣ್ಣು ಬಾಗಿಲಲ್ಲೇ.

ನಮ್ಮ ಕಡೆ ಇಂಥದ್ದಕ್ಕೆ ಎಲ್ಲರೂ ಮೊದಲು ಕಾರಣ ಹುಡುಕುತ್ತಾರೆ. ನಾವೂ ಹುಡುಕಿದೆವು. ಗಂಡ ಗೌಂಡಿ, ಗೋಡೆ ಕಟ್ಟುವವನು, ಕುಡಿಯುವವನಲ್ಲ. ಅತ್ತೆ ಬೈಯುವವಳಲ್ಲ. ಮಗಳು ಕಾಲೇಜಿಗೆ ಹೋಗುತ್ತಾಳೆ. ಯಾರನ್ನು ಬೈಯಬೇಕು ಎಂದು ತಿಳಿಯದೆ ನಮಗೇ ಬೇಜಾರಾಯಿತು. ಹಿಟ್ಟು ನಾದುವವಳು ಸಿರಸಂಗಿಯವಳು, ಮಾತು ಹೆಚ್ಚು. ದೃಷ್ಟಿ ಆಗಿದೆ, ಅಷ್ಟು ತೆಳ್ಳಗೆ ರೊಟ್ಟಿ ಬಡಿದರೆ ಆಗದೆ ಇರುತ್ತದೆಯೇ ಎಂದು ತೀರ್ಪು ಕೊಟ್ಟಳು. ಕೈಗೆ ದಾರ ಕಟ್ಟಿದ್ದಾಯಿತು. ದಾರ ಹಿಟ್ಟಿಗೆ ಅಂಟಿ ಕೆಲಸಕ್ಕೆ ತೊಡಕಾಯಿತೇ ಹೊರತು ಎದೆ ಹಗುರವಾಗಲಿಲ್ಲ.

ದೃಷ್ಟಿಯ ಮಾತು ಸುಳ್ಳಿರಬಹುದು, ತೆಳ್ಳಗಿನ ಮಾತು ಸುಳ್ಳಲ್ಲ. ಅವಳ ಎಳ್ಳು ಹಚ್ಚಿದ ಖಡಕ್ ರೊಟ್ಟಿ ಕೇಳಿಕೊಂಡೇ ಕಿತ್ತೂರಿನ ಒಂದು ಮನೆಯವರು ಮದುವೆಯ ಆರ್ಡರ್ ಕೊಟ್ಟಿದ್ದರು. ಅವಳು ಬರದಿದ್ದರೆ ರೊಟ್ಟಿಗೆ ಬೇರೆಯವಳು ಸಿಗುತ್ತಿದ್ದಳು, ಅದೇನೂ ದೊಡ್ಡ ಮಾತಲ್ಲ. ಆದರೆ ಅವಳಿಗೆ ಹೊಸ್ತಿಲು ದಾಟಿ ಹೋಗಲು ಈ ಶೆಡ್ಡೊಂದೇ ಉಳಿದಿತ್ತು. ಇದನ್ನೂ ಬಿಟ್ಟರೆ ನಾಲ್ಕು ಗೋಡೆಯೇ ಗತಿ. ಅದು ನಮಗೆಲ್ಲ ಕಾಣುತ್ತಿತ್ತು, ಅವಳಿಗೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಇನ್ನೊಂದು ಸಲ ಎದೆಯ ಪಟ್ಟಿ ತೆಗೆಸಲು ಹೋದಾಗ ಅಲ್ಲಿಯ ಡಾಕ್ಟರು ಕೂರಿಸಿಕೊಂಡು ತಿಳಿಸಿ ಹೇಳಿದರು. ಇದು ಎದೆಯ ರೋಗವಲ್ಲ, ಹೆದರಿಕೆಯ ರೋಗ; ವಾರಕ್ಕೊಮ್ಮೆ ಇಲ್ಲಿಗೇ ಮನಸ್ಸಿನ ಡಾಕ್ಟರು ಬರುತ್ತಾರೆ, ತೋರಿಸಿ ಅಂದರು. ಅವಳು ಅಲ್ಲಿ ತಲೆ ಆಡಿಸಿದಳು. ಹೊರಗೆ ಬಂದದ್ದೇ ಗುರ್ ಅಂದಳು.

"ನನಗೇನ ಹುಚ್ಚ ಹಿಡದೈತೇನ್ ಆಯಿ? ಓಣ್ಯಾಗ ಯಾರರೆ ನೋಡಿದ್ರ ಮಗಳ ಮದುವಿ ಆಕ್ಕೈತೇನು?"

ಹುಚ್ಚು ಹಿಡಿದವರು ಮಗಳ ಮದುವೆಯ ಲೆಕ್ಕ ಹಾಕುವುದಿಲ್ಲ ಅಂದೆ. ಕೇಳಲಿಲ್ಲ. ಮನಸ್ಸಿನ ಡಾಕ್ಟರು ಬರುವ ದಿನ ಅವಳನ್ನು ಕರೆದುಕೊಂಡು ಹೋಗಲು ನನಗೆ ಒಂದೇ ದಾರಿ ತೋಚಿತು. ನನಗೆ ನಿದ್ದೆ ಬರುತ್ತಿಲ್ಲ, ಡಾಕ್ಟರಿಗೆ ತೋರಿಸಬೇಕು, ಜೊತೆಗೆ ಬಾ ಅಂದೆ. ಚೀಟಿ ಮಾಡಿಸುವ ಕಿಟಕಿಯಲ್ಲಿ ಎರಡು ಹೆಸರು ಹೇಳಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು, ಆದರೆ ಸಾಲಿನಲ್ಲಿ ಮುಂದಿದ್ದ ಮುದುಕಿ ನಾನು, ಹಿಂದಿದ್ದವಳು ಅವಳು. ಮುದುಕಿ ಒಳಗೆ ಹೋದರೆ ಹಿಂದೆ ಹೋಗದೆ ಇರಲು ಆಗುವುದಿಲ್ಲ.

ಮನಸ್ಸಿನ ಡಾಕ್ಟರು ಹೆಣ್ಣುಮಗಳು, ನಮ್ಮ ಕಡೆಯವರೇ. ಡಾಕ್ಟರ್ ಬಾಯಾರು ಮೊದಲು ನನ್ನನ್ನೇ ಹಿಡಿದುಕೊಂಡರು. ಏನು ಕೆಲಸ, ಎಷ್ಟು ಹೊತ್ತಿಗೆ ಏಳುತ್ತೀರಿ, ಚಹಾ ಎಷ್ಟು ಕುಡಿಯುತ್ತೀರಿ ಎಂದೆಲ್ಲ ಕೇಳಿದರು. ಆಮೇಲೆ ಒಂದು ಪ್ರಶ್ನೆ ಹಾಕಿದರು.

"ಅಜ್ಜಿ, ದಿನಾ ಏನೂ ಮಾಡದ ಸುಮ್ಮ ಎಷ್ಟೊತ್ತು ಕುಂಡ್ರತೀರಿ?"

"ಸತ್ತ ಮ್ಯಾಲೆ ಕುಂಡ್ರೂದು, ಮಲಗೂದು ಎಲ್ಲಾ ಐತಲ್ರಿ."

ಅವರು ನಗಲಿಲ್ಲ. ಸಾಯುವ ಮೊದಲೂ ಒಮ್ಮೊಮ್ಮೆ ಕುಳಿತು ನೋಡಿ ಅಂದರು. ನಕ್ಕವಳು ಮೂರನೇ ಒಲೆಯವಳು. ನಕ್ಕದ್ದರಿಂದಲೋ ಏನೋ ಅವಳ ಬಾಯಿ ಬಿಚ್ಚಿತು. ಎದೆ ಹೇಗೆ ಬಡಿದುಕೊಳ್ಳುತ್ತದೆ, ಬೆರಳು ಹೇಗೆ ಜೋಮು ಹಿಡಿಯುತ್ತವೆ, ಬಂದರೆ ಹೇಗೆ, ಬರುವ ಮೊದಲೇ ಬಂದೀತೆಂಬ ಭಯ ಹೇಗೆ, ಎಲ್ಲ ಹೇಳಿದಳು. ಡಾಕ್ಟರ್ ಬಾಯಾರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ತಿಳಿಸಿದರು: ಇದು ಬಹಳ ಮಂದಿಗೆ ಬರುತ್ತದೆ, ಕಾರಣ ಇದ್ದೇ ಬರಬೇಕೆಂದಿಲ್ಲ. ಬಂದಾಗ ಸಾಯುತ್ತೇನೆ ಅನ್ನಿಸುತ್ತದೆ, ಸಾಯುವುದಿಲ್ಲ. ಏರುತ್ತದೆ, ತಾನಾಗಿ ಇಳಿಯುತ್ತದೆ. ಓಡಬೇಡ, ನಿಂತು ಉಸಿರನ್ನು ನಿಧಾನವಾಗಿ ಉದ್ದಕ್ಕೆ ಬಿಡು. ಗುಳಿಗೆ ಕೊಡುತ್ತೇನೆ, ಗುಣ ಕಾಣಲು ಕೆಲವು ವಾರ ಬೇಕು, ನಿನ್ನಷ್ಟಕ್ಕೆ ನೀನು ನಿಲ್ಲಿಸಬೇಡ. ಚಹಾ ಕಡಿಮೆ, ನಿದ್ದೆ ಸರಿಯಾಗಿ. ಹೆದರಿಕೆ ಬರುವ ಜಾಗವನ್ನು ಬಿಡಬೇಡ, ದಿನಕ್ಕೆ ಸ್ವಲ್ಪ ಸ್ವಲ್ಪ ಹೋಗು. ಒಳಗಿನದ್ದನ್ನು ಯಾರ ಮುಂದಾದರೂ ಆಡು.

ಅಷ್ಟೂ ನಾನು ಕಿವಿಯಾರೆ ಕೇಳಿದೆ, ಶೆಡ್ಡಿಗೆ ಬಂದು ಎಲ್ಲರಿಗೂ ಹೇಳಿದೆ. ಎಲ್ಲರೂ ಹೂಂಗುಟ್ಟಿದರು. ಆದರೆ ನಮ್ಮ ಹೆಂಗಸರಿಗೆ ಆರೈಕೆ ಅಂದರೆ ಗೊತ್ತಿರುವುದು ಒಂದೇ, ಬಾಣಂತನ. ಯಾರೂ ಮಾತಾಡಿಕೊಳ್ಳದೆಯೇ ಅದು ಶುರುವಾಯಿತು. ಹಿಟ್ಟಿನ ಚೀಲ ಇಡುವ ಹಿಂದಿನ ಕೋಣೆಯಲ್ಲಿ ಹೊರಸು ಹಾಕಿದೆವು. ಗಾಳಿ ತಾಕಬಾರದು ಎಂದು ಕಿಟಕಿ ಮುಚ್ಚಿದೆವು. ತಲೆಗೆ ಅರಿವೆ ಬಿಗಿದೆವು. ಒಬ್ಬಳು ಅಂಟಿನುಂಡೆ ತಂದಳು, ಒಬ್ಬಳು ಅಜವಾನದ ನೀರು. ಒಲೆಯ ಮುಂದೆ ಬರಬೇಡ, ಅಲ್ಲೇ ಕುಳಿತು ರೊಟ್ಟಿ ಎಣಿಸಿ ಕಟ್ಟು ಅಂದೆವು. ಹೋದವರೆಲ್ಲ ಒಂದೊಂದು ಮಾತು ಹೇಳಿ ಬರುತ್ತಿದ್ದೆವು: ಧೈರ್ಯ ತಗೋ, ವಿಚಾರ ಮಾಡಬೇಡ, ದೇವರ ನಾಮ ತಗೋ, ಹಾಲು ಕುಡಿ. ಐದನೇ ಒಲೆಯವಳು ಮನಸ್ಸು ತಣ್ಣಗಾಗಲಿ ಎಂದು ಲೋಬಾನದ ಹೊಗೆ ಹಾಕಿದಳು, ಮುಚ್ಚಿದ ಕೋಣೆಯಲ್ಲಿ, ಉಸಿರು ಕಟ್ಟುವ ರೋಗದವಳಿಗೆ.

ಸ್ವಲ್ಪ ಹೊತ್ತಿಗೆ ಬಾಗಿಲು ದಡಕ್ಕನೆ ತೆರೆಯಿತು. ಹೊಗೆಯ ಜೊತೆಗೇ ಅವಳೂ ಹೊರಗೆ ಬಂದಳು. ತಲೆಯ ಅರಿವೆ ಒಂದು ಕಣ್ಣಿನ ಮೇಲೆ ಇಳಿದಿತ್ತು. ಕೆಮ್ಮಿ ಕೆಮ್ಮಿ ಸಾಕಾಗಿ ಹೇಳಿದಳು:

"ಹೆದರಿಕಿಯಿಂದ ಸಾಯಂಗಿಲ್ಲ ಅಂತ ಡಾಕ್ಟರ್ ಬಾಯಾರು ಅಂದಾರ, ಆಯಿ. ಹೊಗಿಯಿಂದ ಸಾಯಂಗಿಲ್ಲ ಅಂತ ಅಂದಿಲ್ಲ."

ನಾವೆಲ್ಲ ನಕ್ಕೆವು. ಅವಳೂ ನಕ್ಕಳು ಎಂದುಕೊಂಡೆವು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಿತ್ತೂರಿನವರ ಫೋನು ಬಂತು, ರೊಟ್ಟಿ ಅವಳ ಕೈಯದೇ ತಾನೆ ಎಂದು ಕೇಳಿದರು. ಹೌದು ಎಂದುಬಿಟ್ಟೆ.

ಸಂಜೆ ಅವಳ ಮನೆಗೆ ಹೋದೆ. ಗೋಡೆಗೆ ಮೋರೆ ಮಾಡಿ ಮಲಗಿದ್ದಳು. ಅತ್ತೆ ಪಾಪ, ಏನು ಮಾಡುವುದೆಂದು ತಿಳಿಯದೆ ಬಾಗಿಲಲ್ಲಿ ಕುಳಿತಿದ್ದಳು. ಗುಳಿಗೆ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳಿದೆ. ತೆಗೆದುಕೊಳ್ಳುತ್ತಿದ್ದಳು. ಮತ್ತೆ ಏಕೆ ಬರಲಿಲ್ಲ ಅಂದೆ. ಎದ್ದು ಕುಳಿತಳು.

"ಎಲ್ಲಾರೂ ಧೈರ್ಯ ತಗೋ ಅಂತೀರಿ. ಎಲ್ಲಿಂದ ತಗೊಳ್ಳಿ, ಸಂತಿಯಾಗ ಸಿಗತೈತೇನು? ಆ ಕ್ವಾಣ್ಯಾಗ ಕುಂತ್ರ ನನ್ನ ಎದಿ ಸಪ್ಪಳ ಒಂದ ಕೇಳತೈತಿ ನೋಡ್ರಿ. ಒಲಿ ಮುಂದ ಅದು ಕೇಳತಿರಲಿಲ್ಲ. ನನ್ನ ಒಲಿ ನನಗ ಕೊಡ್ರಿ. ಮತ್ತ ಯಾರೂ ನನಗ ಏನೂ ಹೇಳಬ್ಯಾಡ್ರಿ."

ನನಗೆ ಹೇಳಲು ಏನೇನೋ ಬಾಯಿಗೆ ಬಂದಿತ್ತು. ಎಲೆಯಡಿಕೆಯ ಹಾಗೆ ದವಡೆಯ ಒಂದು ಕಡೆ ಒತ್ತಿ ಇಟ್ಟುಕೊಂಡೆ. ಮನೆಗೆ ಬರುವ ದಾರಿಯಲ್ಲಿ ನಿರ್ಧಾರ ಮಾಡಿದೆ.

ಬೆಳಿಗ್ಗೆ ಒಲೆ ಹಚ್ಚುವ ಮೊದಲು ಎಲ್ಲರನ್ನೂ ಕೂರಿಸಿ ಕಟ್ಟಳೆ ಹೇಳಿದೆ. ಮೂರನೇ ಒಲೆ ಅವಳದೇ. ಅವಳು ಬಂದರೆ ಬರಲಿ, ಒಂದೇ ರೊಟ್ಟಿ ಬಡಿದು ಹೋದರೆ ಹೋಗಲಿ, ಯಾರೂ ಏಕೆ ಎಂದು ಕೇಳಬಾರದು. ಕೆಲಸ ಮುಗಿದು ಒಲೆ ಆರಿದ ಮೇಲೆ ಎಲ್ಲರೂ ಕೂರಬೇಕು, ಯಾರ ಎದೆಯ ಮೇಲೆ ಏನಿದೆಯೋ ಅದನ್ನು ಆಡಬೇಕು. ಆಡಲು ಇಲ್ಲದಿದ್ದರೆ ಸುಮ್ಮನೆ ಕೂರಬೇಕು. ಕೇಳಿದವರು ಬುದ್ಧಿ ಹೇಳುವಂತಿಲ್ಲ. ಹೇಳಿದವಳು ಅವತ್ತಿನ ಐದೂ ಹಂಚು ತಿಕ್ಕಬೇಕು.

ರೊಟ್ಟಿಯ ಹಂಚು ತಿಕ್ಕುವುದು ಏನೆಂದು ತಿಕ್ಕಿದವರಿಗೆ ಗೊತ್ತು. ತಳದ ಮಸಿ ಮೊಣಕೈವರೆಗೆ ಹತ್ತುತ್ತದೆ, ಬೂದಿ ಉಗುರಿನೊಳಗೆ ಸೇರುತ್ತದೆ. ಹಿಟ್ಟು ನಾದುವವಳ ಮೋರೆ ಆಗಲೇ ಇಳಿದಿತ್ತು.

"ಊಟ ಮಾಡಿದೇನು ಅಂತ ಕೇಳಿದ್ರೂ ಬುದ್ಧಿ ಹೇಳಿದಂಗೇನು?" ಅಂದಳು.

"ಕೇಳಿದ್ರ ಅಲ್ಲ. ಉಣ್ಣು ಅಂದ್ರ ಹೌದು."

"ಮತ್ತ ನಾ ಏನ ಮಾತಾಡ್ಲಿ ಇಡೀ ದಿನ?"

ಅದು ನಿಜವಾದ ಪ್ರಶ್ನೆಯೇ. ಮೊದಲ ವಾರ ಹೆಚ್ಚುಕಡಿಮೆ ಅವಳೇ ಹಂಚು ತಿಕ್ಕಿದಳು. ಒಂದು ದಿನ ಐದನೇ ಒಲೆಯವಳು ತನ್ನ ಗಂಡ ರಾತ್ರಿಯೆಲ್ಲ ಗೊರಕೆ ಹೊಡೆಯುತ್ತಾನೆಂದು ಹೇಳಿದಾಗ, ನಾದುವವಳು ನಾಲಿಗೆಯ ತುದಿಗೆ ಬಂದ ಬುದ್ಧಿಮಾತನ್ನು ಎರಡೂ ಕೈಯಿಂದ ಬಾಯಿ ಮುಚ್ಚಿ ತಡೆದುಕೊಂಡಳು. ಕೈಯ ಹಿಟ್ಟೆಲ್ಲ ಮೀಸೆಯ ಹಾಗೆ ಮೋರೆಗೆ ಹತ್ತಿತು. ಅವತ್ತು ನಕ್ಕ ನಗೆಗೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು.

ಮೂರನೇ ಒಲೆಯವಳು ಬಂದಳು. ಮೊದಲ ದಿನ ಬಾಗಿಲವರೆಗೆ ಬಂದು ನಿಂತು ಹೋದಳು. ಯಾರೂ ಏಳಲಿಲ್ಲ, ಬಡಿಯುವುದನ್ನು ನಿಲ್ಲಿಸಲಿಲ್ಲ. ಮಾರನೆಯ ದಿನ ಕುಳಿತು ಒಲೆ ಹಚ್ಚಿದಳು. ಒಂದೆರಡು ರೊಟ್ಟಿ ಬಡಿದಳು, ದಪ್ಪ ಬಂದವು, ಅಂಚು ಸೀಳಿತು. ನಾನು ಮಾತಾಡಲಿಲ್ಲ. ಅವಳ ರೊಟ್ಟಿ ಸೀಳಿದ್ದನ್ನು ನೋಡಿ ಸುಮ್ಮನಿರುವುದು ಹಂಚು ತಿಕ್ಕುವುದಕ್ಕಿಂತ ಕಷ್ಟ. ನಿಮಗೆ ನಂಬಿಕೆ ಬರಲಿಕ್ಕಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಮತ್ತೆ ಡಾಕ್ಟರ್ ಬಾಯಾರ ಹತ್ತಿರ ಹೋದಾಗ ಬಾಣಂತನದ ಕಥೆಯನ್ನು ಅವಳೇ ಹೇಳಿದಳು. ಈ ಸಲ ಬಾಯಾರು ನಕ್ಕರು, ಮೇಜಿಗೆ ತಲೆ ಹಚ್ಚಿ ನಕ್ಕರು. ಹಂಚಿನ ಕಟ್ಟಳೆ ಕೇಳಿ, ಇದನ್ನು ನಮ್ಮ ಮನೆಯಲ್ಲೂ ಹಾಕುತ್ತೇನೆ ಅಂದರು. ಗುಳಿಗೆ ಮುಂದುವರಿಸಲು ಹೇಳಿದರು. ಉಸಿರು ಎಣಿಸುತ್ತ ಕುಳಿತರೆ ತನಗೆ ಭಯ ಹೆಚ್ಚುತ್ತದೆ ಎಂದು ಅವಳು ಹೇಳಿದಾಗ, ಎಣಿಕೆ ಬಿಡು, ಕೆಲಸದ ಓಟಕ್ಕೆ ಉಸಿರು ಹೊಂದಿಸಿಕೊಂಡು ನೋಡು ಅಂದರು. ಮುಂದೆ ಅದನ್ನು ಅವಳು ತಾನೇ ಕಂಡುಕೊಂಡಳು. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುವಾಗ ಉಸಿರು ಒಳಗೆ, ಕಲ್ಲಿನ ಮೇಲೆ ಬಡಿಯುತ್ತ ತಿರುಗಿಸುವಾಗ ಉದ್ದಕ್ಕೆ ಹೊರಗೆ. ಅವಳ ಸಪ್ಪಳ ಮೊದಲಿಗಿಂತ ನಿಧಾನವಾಯಿತು. ರೊಟ್ಟಿ ಮತ್ತೆ ತೆಳ್ಳಗಾಯಿತು.

ಶೆಡ್ಡಿಗೆ ಕಿಟಕಿ ಬಂದದ್ದು ಅವಳ ಗಂಡನಿಂದ. ಅವಳ ಒಲೆ ಬಾಗಿಲಿನಿಂದ ದೂರ, ಗಾಳಿ ಸಾಲದು ಎಂದು ಹೇಳಿ ನನ್ನ ಒಂದನೇ ಒಲೆ ಬಿಟ್ಟುಕೊಡಲು ಹೋಗಿದ್ದೆ. ಅವಳು ಒಪ್ಪಲಿಲ್ಲ, ತನ್ನದು ಮೂರನೆಯದೇ ಅಂದಳು. ಒಂದು ಭಾನುವಾರ ಗೌಂಡಿ ಬಂದು ಮೂರನೇ ಒಲೆಯ ನೇರಕ್ಕೆ ತಗಡು ಕತ್ತರಿಸಿ ಕಿಟಕಿ ಕೂರಿಸಿದ. ಹೆಂಡತಿಗೆ ಸೀರೆ ತಂದುಕೊಡುವವರನ್ನು ನೋಡಿದ್ದೇನೆ. ಗಾಳಿ ತಂದುಕೊಟ್ಟವನನ್ನು ನೋಡಿದ್ದು ಅದೇ ಮೊದಲು. ಗಾಳಿ ನಮಗೆಲ್ಲರಿಗೂ ಬಂತು. ಇಷ್ಟು ವರ್ಷ ಬೇಸಿಗೆಯಲ್ಲಿ ನಾವು ಕಿಟಕಿಯಿಲ್ಲದೆ ಹೇಗೆ ಬೇಯುತ್ತಿದ್ದೆವೋ ಏನೋ.

ಒಲೆ ಆರಿದ ಮೇಲಿನ ಮಾತು ಬರಬರುತ್ತ ಹೆಚ್ಚಾಯಿತು. ಮೊದಲು ಮೂರನೇ ಒಲೆಯವಳಿಗಾಗಿ ಕೂರುತ್ತಿದ್ದೆವು, ಆಮೇಲೆ ಎಲ್ಲರೂ ತಮಗಾಗಿಯೇ ಕೂರತೊಡಗಿದರು. ನಾನು ದಿನಾ ನನ್ನದೇನೂ ಇಲ್ಲ ಎಂದು ದಾಟಿಸುತ್ತಿದ್ದೆ. ಒಂದು ಸಂಜೆ ಮೂರನೇ ಒಲೆಯವಳೇ ಬಿಡಲಿಲ್ಲ. ಡಾಕ್ಟರ್ ಬಾಯಾರ ಹತ್ತಿರ ನಿದ್ದೆ ಬರುವುದಿಲ್ಲ ಎಂದು ಚೀಟಿ ಮಾಡಿಸಿದವರು ನೀವು, ಅದು ಸುಳ್ಳೋ ನಿಜವೋ ಎಂದು ಕೇಳಿದಳು. ನಿಜವೇ ಆಗಿತ್ತು. ನನ್ನ ಕೈ ಮೊದಲಿನ ಹಾಗೆ ಓಡುತ್ತಿಲ್ಲ, ಒಂದು ದಿನ ಒಂದನೇ ಒಲೆ ಬೇರೆಯವರ ಪಾಲಾಗುತ್ತದೆ, ಅದು ನೆನಪಾದರೆ ಎಚ್ಚರವಾಗುತ್ತದೆ ಎಂದು ಹೇಳಿಬಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಹಿಟ್ಟು ನಾದುವವಳೂ ಅನ್ನಲಿಲ್ಲ. ಮೂರನೇ ಒಲೆಯವಳು ತನ್ನ ಬಟ್ಟಲಿನ ಚಹಾದಲ್ಲಿ ಅರ್ಧ ನನ್ನ ಬಟ್ಟಲಿಗೆ ಸುರಿದಳು. ಚಹಾ ಕಡಿಮೆ ಕುಡಿಯಬೇಕಿದ್ದವರು ನಾವಿಬ್ಬರೂ. ಅವತ್ತು ಕುಡಿದೆವು, ಆದರೂ ಚಲೋ ನಿದ್ದೆ ಬಂತು.

ಕಿತ್ತೂರಿನ ರೊಟ್ಟಿಯ ದಿನ ಬಂತು. ಸೂರ್ಯ ಹುಟ್ಟುವ ಹೊತ್ತಿಗೆ ಐದೂ ಒಲೆ ಉರಿಯುತ್ತಿದ್ದವು. ಎಸರು ಕುದಿಯುತ್ತಿತ್ತು, ಹಿಟ್ಟು ನಾದುವವಳು ಬಿಸಿಬಿಸಿ ಉಂಡೆ ಎಲ್ಲರ ಪರಾತಕ್ಕೆ ಹಾಕುತ್ತಿದ್ದಳು. ಮಗ್ಗುಲಲ್ಲಿ ರೊಟ್ಟಿಯ ಗೋಪುರ ಏರುತ್ತಿತ್ತು. ಅರ್ಧದಷ್ಟು ಕೆಲಸ ಮುಗಿದಿತ್ತು. ಆಗ ಮೂರನೇ ಒಲೆಯ ಸಪ್ಪಳ ನಿಂತಿತು.

ಯಾರೂ ತಿರುಗಲಿಲ್ಲ. ಕಟ್ಟಳೆ ಇತ್ತಲ್ಲ. ಕೈ ಬಡಿಯುತ್ತಿದ್ದವು, ಕಿವಿ ಮಾತ್ರ ಅಲ್ಲೇ ಇದ್ದವು. ಅವಳು ಎದ್ದು ಕಿಟಕಿಗೆ ಕೈ ಊರಿ ನಿಂತಳು.

"ಬಂತ್ರಿ ಆಯಿ," ಅಂದಳು, ನೆಂಟರು ಬಂದರು ಅನ್ನುವ ಹಾಗೆ.

"ಬರ್ಲಿ ಬಿಡು," ಅಂದೆ.

ಅವಳ ಬೆನ್ನು ಏರುವುದು ಇಳಿಯುವುದು ಓರೆಗಣ್ಣಿಗೆ ಕಾಣುತ್ತಿತ್ತು. ಉಸಿರು ಉದ್ದಕ್ಕೆ ಬಿಡುತ್ತಿದ್ದಳು. ಒಂದು ರೊಟ್ಟಿ ಬೇಯಿತು, ಇನ್ನೊಂದು ಬೇಯಿತು. ಅವಳು ನಿಂತೇ ಇದ್ದಳು. ಓಡಲಿಲ್ಲ. ಕೂರಲೂ ಇಲ್ಲ. ನನ್ನ ರೊಟ್ಟಿಯೇ ಅಂಚಿನಲ್ಲಿ ಸೀಳಿತು. ನನಗೆ ತಡೆಯಲಾಗಲಿಲ್ಲ.

"ಒಂದೀಟ ನೀರ ಕುಡಿಯವ್ವಾ," ಅಂದುಬಿಟ್ಟೆ.

ಎಲ್ಲ ಕೈಗಳೂ ಒಮ್ಮೆಗೇ ನಿಂತವು. ಹಿಟ್ಟು ನಾದುವವಳು ಪರಾತ ಕೆಳಗಿಟ್ಟು, ಇಷ್ಟು ದಿನ ಕಾದಿದ್ದ ಸುಖದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು:

"ಐದು ಹಂಚು, ಆಯಿ."

ಕಿಟಕಿಯ ಕಡೆಯಿಂದ ಒಂದು ಸಪ್ಪಳ ಬಂತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಮೋರೆಯ ಮೇಲೆ ಬೆವರು ಇನ್ನೂ ಇತ್ತು, ನಗು ಮಾತ್ರ ನಿಲ್ಲುತ್ತಿರಲಿಲ್ಲ. ನಗುತ್ತಲೇ ಬಂದು ಕುಳಿತಳು, ಉಂಡೆ ತೆಗೆದುಕೊಂಡಳು. ಮೂರನೇ ಒಲೆಯ ಸಪ್ಪಳ ಶುರುವಾಯಿತು. ಮೊದಲು ತಪ್ಪು ತಪ್ಪಾಗಿ, ಆಮೇಲೆ ಸರಿಯಾಗಿ.

ಮಧ್ಯಾಹ್ನದ ಹೊತ್ತಿಗೆ ಬುಟ್ಟಿಗಳು ಟಂಟಂ ಏರಿದವು. ಮದುವೆ ಮನೆಯವರು ಊಟಕ್ಕೆ ಕರೆದಿದ್ದರು, ಎಲ್ಲರೂ ಹೊರಟರು. ಮೂರನೇ ಒಲೆಯವಳು ಟಂಟಂನ ಮುಂದೆ ಸ್ವಲ್ಪ ಹೊತ್ತು ನಿಂತಳು. ಯಾರೂ ಹತ್ತು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅವಳ ಗಂಡ ಬೈಕು ತಂದು ಪಕ್ಕದಲ್ಲಿ ನಿಂತಿದ್ದ. ನೀನು ಮನೆಗೆ ಹೋಗು ಎಂದು ಅವನಿಗೆ ಹೇಳಿ, ಬುಟ್ಟಿಗಳ ನಡುವೆ ಜಾಗ ಮಾಡಿಕೊಂಡು ಹತ್ತಿ ಕುಳಿತಳು. ಆಗ ಗುಳಿಗೆ ಇನ್ನೂ ನಡೆದಿತ್ತು, ಈಗ ಡಾಕ್ಟರ್ ಬಾಯಾರು ಕಡಿಮೆ ಮಾಡುತ್ತ ಬಂದಿದ್ದಾರೆ. ಹೆದರಿಕೆಯೂ ಆಗೊಮ್ಮೆ ಈಗೊಮ್ಮೆ ಬರುತ್ತದೆ, ಬಂದು ಹೋಗುತ್ತದೆ. ಹೂಲಿಯ ಬಸ್ಸನ್ನು ಈಗ ಒಬ್ಬಳೇ ಹತ್ತುತ್ತಾಳೆ.

ನಾನು ಕಿತ್ತೂರಿಗೆ ಹೋಗಲಿಲ್ಲ. ಹಂಚು ಇದ್ದವಲ್ಲ. ಬೂದಿ, ತೆಂಗಿನ ನಾರು ಹಿಡಿದು ಒಂದೊಂದಾಗಿ ತಿಕ್ಕಿದೆ. ಮೂರನೇ ಒಲೆಯದನ್ನು ಕಡೆಗೆ ತಿಕ್ಕಿ ಗೋಡೆಗೆ ಒರಗಿಸಿದೆ. ಮಾಡಲು ಬೇರೆ ಕೆಲಸ ಉಳಿದಿರಲಿಲ್ಲ. ಮೊಣಕೈವರೆಗೆ ಮಸಿ ಹಾಗೇ ಇರಲಿ ಎಂದು ಅವಳ ಕಿಟಕಿಯ ಕೆಳಗೆ ಕುಳಿತೆ. ಗಾಳಿ ಬರುತ್ತಿತ್ತು. ಟಂಟಂ ಮರಳಿ ಬರುವವರೆಗೂ ಹಾಗೇ ಇದ್ದೆ, ಏನೂ ಮಾಡದೆ, ಸಾಯದೆ.